ಬಿದ್ದ ಜಾಗದಲ್ಲೊಂದು ಕಲ್ಲು

ಶಿವಮೊಗ್ಗದ ಕೋಟೆಯಲ್ಲಿರುವ ಶಿವಪ್ಪನಾಯಕನ ಅರಮನೆಗೆ ನಿಮ್ಮಲ್ಲಿ ಅನೇಕರನ್ನು ಕರೆದೊಯ್ದು ಅಲ್ಲಿಯ ವೀರಗಲ್ಲುಗಳನ್ನು ತೋರಿಸಿದ್ದೇನೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಈ ಕ್ರಮವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರೂ ಇದ್ದೀರಿ. ನನಗೆ ಆ ಕಲ್ಲುಗಳಲ್ಲಿ ಎಂದಿಗೂ ಮುಖ್ಯವೆನಿಸಿದ್ದು ಕೆಳಗಿನ ಪಟ್ಟಿಕೆಯೇ. ಸ್ವರ್ಗ ಎಲ್ಲ ವೀರರಿಗೂ ಒಂದೇ. ಆದರೆ ತುರು ಕಾಯಲು ಹೋಗಿ ಸತ್ತನೋ, ಹುಲಿಯೊಡನೆ ಹೋರಾಡಿ ಸತ್ತನೋ ಎಂಬುದನ್ನು ಹೇಳುವುದು ಅದೊಂದೇ.

ನಮ್ಮ ಕಲಾವಿದರಿಗೆ ಮಾತ್ರ ನಾವು ಮೇಲಿನ ಪಟ್ಟಿಕೆಯನ್ನಷ್ಟೇ ಕೆತ್ತುತ್ತೇವೆ ಎಂಬುದು ನನ್ನ ದೂರು.

ಇದು ನನಗೆ ಸ್ಪಷ್ಟವಾದದ್ದು ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ. ಅಯೋವಾ ರಾಜ್ಯದ ಕ್ಲಿಯರ್ ಲೇಕ್ ಎಂಬ ಊರಿನ ಹೊರಗೆ, ಜೋಳದ ಹೊಲಗಳ ನಡುವಿನ ಮಣ್ಣುರಸ್ತೆಯ ಪಕ್ಕದಲ್ಲಿ, ಕಪ್ಪು ಚೌಕಟ್ಟಿನ ದೊಡ್ಡದೊಂದು ಕನ್ನಡಕವನ್ನು ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ಅಲ್ಲಿಂದ ಬೇಲಿಯಗುಂಟ ಸುಮಾರು ಅರ್ಧ ಮೈಲಿ ನಡೆದರೆ ಉಕ್ಕಿನ ಒಂದು ಗಿಟಾರ್, ಮೂರು ಧ್ವನಿಮುದ್ರಿಕೆಗಳು. 1959ರ ಫೆಬ್ರುವರಿ 3ರ ನಡುರಾತ್ರಿ ಕಳೆದ ಮೇಲೆ, ಸಣ್ಣ ವಿಮಾನವೊಂದು ಬಿದ್ದು ಬಡ್ಡಿ ಹಾಲಿ (22), ರಿಚೀ ವ್ಯಾಲೆನ್ಸ್ (17), 'ಬಿಗ್ ಬಾಪರ್' ರಿಚರ್ಡ್‌ಸನ್ (28) ಎಂಬ ಮೂವರು ಗಾಯಕರು ಸತ್ತ ಸ್ಥಳವದು. ಅವರ ಹಾಡುಗಳು ನನಗೆ ಅಪರಿಚಿತ. ಆದರೂ ಅವರೇಕೆ ವಿಮಾನ ಹತ್ತಿದರೆಂದು ತಿಳಿದಾಗ ಕಾಲು ಅಲ್ಲೇ ನಿಂತಿತು. ಊರಿಂದೂರಿಗೆ ಕಾರ್ಯಕ್ರಮ, ಪ್ರಯಾಣದ ಬಸ್ಸಿನಲ್ಲಿ ಬಿಸಿಗಾಳಿಯ ಯಂತ್ರ ಕೆಟ್ಟು, ಡ್ರಮ್ ಬಾರಿಸುವವನ ಪಾದ ಹಿಮದ ಚಳಿಗೆ ಸೆಟೆದು ಅವನು ಆಸ್ಪತ್ರೆ ಸೇರಿದ್ದ. ಮತ್ತೊಂದು ರಾತ್ರಿ ಆ ಬಸ್ಸು ಬೇಡವೆಂದು ಹಾಲಿ ವಿಮಾನವನ್ನು ಬಾಡಿಗೆಗೆ ಪಡೆದಿದ್ದ. ಅವರನ್ನು ಕೊಂದದ್ದು ಕೇವಲ ಆ ರಾತ್ರಿಯ ಹವೆಯಲ್ಲ, ತಿರುಗಾಟ. (ವಿಮಾನ ನಡೆಸಿದ 21 ವರ್ಷದ ಹುಡುಗನೂ ಅಲ್ಲೇ ಸತ್ತ. ಅವನಿಗೊಂದು ಪ್ರತ್ಯೇಕ ಸ್ಮಾರಕ ಬಂದದ್ದು ಐವತ್ತು ವರ್ಷಗಳ ನಂತರ, 2009ರಲ್ಲಿ. ತಡವಾಯಿತು, ನಿಜ. ನಮ್ಮಲ್ಲಾದರೆ ಮೇಳದ ಲಾರಿಯ ಚಾಲಕನನ್ನು ಯಾರು ನೆನೆದಾರು?)

ತಿರುಗಾಟ ಎಂಬ ಶಬ್ದ ಯಕ್ಷಗಾನ ಬಲ್ಲ ನಮಗೆ ಹೊಸದಲ್ಲ. ಆ ಹೊಲದಲ್ಲಿ ನಿಂತಾಗ ನನಗೆ ನೆನಪಾದವರು ಗುಂಡ್ಮಿ ಕಾಳಿಂಗ ನಾವಡರು. ನಾರಣಪ್ಪ ಉಪ್ಪೂರರ ಶಿಷ್ಯರಾಗಿ ಬೆಳೆದು, ಸಾಲಿಗ್ರಾಮ ಮೇಳದ ಭಾಗವತರಾಗಿ, 'ನಾಗಶ್ರೀ'ಯಂಥ ಪ್ರಸಂಗಗಳನ್ನು ತಾವೇ ರಚಿಸಿ ಹಾಡಿ, ಬಡಗುತಿಟ್ಟಿನ ಭಾಗವತಿಕೆಯ ದಾರಿಯನ್ನೇ ಬದಲಿಸಿದವರು. ಘಟ್ಟದ ಮೇಲಿನ ನಮ್ಮವರು ಅವರ ಕಂಠಕ್ಕಾಗಿಯೇ ಡೇರೆಯ ಮುಂದೆ ಸಾಲುಗಟ್ಟುತ್ತಿದ್ದರು. 1990ರ ಮೇ 27ರಂದು, ಮೇಳಗಳ ತಿರುಗಾಟ ಮುಗಿಯುವ ದಿನಗಳಲ್ಲಿ, ರಸ್ತೆ ಅಪಘಾತ ಅವರನ್ನು ಕೊಂಡೊಯ್ದಿತು. ಮೂವತ್ತೆರಡು ತುಂಬಲು ಇನ್ನೂ ಹತ್ತು ದಿನವಿತ್ತು. ಅದೇ ವರ್ಷ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಶಂಕರನಾಗ್ ತೀರಿಕೊಂಡರು. ಅವರೂ ಚಿತ್ರೀಕರಣಕ್ಕೆಂದು ಹೊರಟಿದ್ದವರೇ.

ನಾವಡರನ್ನು ನಾವು ಮರೆತಿಲ್ಲ. ಅವರ ಹೆಸರಿನಲ್ಲಿ ಪ್ರಶಸ್ತಿಯಿದೆ, ಸಂಸ್ಮರಣೆಗಳು ನಡೆಯುತ್ತವೆ, ಭಾಷಣಕಾರರು ಕೋಗಿಲೆಗೆ ಹೋಲಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಮರಣದ ಸಂಗತಿ ಬಂದೊಡನೆ 'ವಿಧಿಯಾಟ' ಎಂದು ಮುಗಿಸಿಬಿಡುತ್ತಾರೆ. ಆ ಒಂದು ಶಬ್ದದ ಮೇಲೆ ನನಗೆ ಕೋಪ. ರಸ್ತೆಯನ್ನು ವಿಧಿ ಎಂದು ಕರೆದರೆ ಯಾರೂ ಏನೂ ಮಾಡಬೇಕಾಗಿಲ್ಲ.

ಹಿಂದೆ ಬೆಳಗಿನವರೆಗೆ ಆಟವಿರುತ್ತಿತ್ತು. ಮೇಳದವರು ಸೂರ್ಯನ ಬೆಳಕಿನಲ್ಲಿ ಮುಂದಿನೂರಿಗೆ ಹೊರಡುತ್ತಿದ್ದರು. ಈಗ ಅನೇಕ ಕಡೆ ಕಾಲಮಿತಿ ಪ್ರದರ್ಶನ. ಪ್ರೇಕ್ಷಕರಾದ ನಮಗೆ ಅನುಕೂಲ, ಹನ್ನೆರಡೂವರೆಗೆ ಮನೆಯ ಹಾಸಿಗೆ. ಆದರೆ ವೇಷಧಾರಿ ಬಣ್ಣ ತೆಗೆದು, ಗೆಜ್ಜೆ ಬಿಚ್ಚಿ, ಒಂದೂವರೆಗೆ ಬೈಕು ಏರಿ ಅರವತ್ತು-ಎಪ್ಪತ್ತು ಕಿಲೋಮೀಟರ್ ದೂರದ ಮನೆಗೆ ಹೊರಡುತ್ತಾನೆ. ನಾಲ್ಕು ಗಂಟೆ ಕುಣಿದ ದೇಹ, ಹಗಲು ಬೇರೊಂದು ಉದ್ಯೋಗ, ಮಳೆಗಾಲವಾದರೆ ಘಾಟಿಯ ಮಂಜು. ಎದುರಿನಿಂದ ಬರುವ ಲಾರಿಯವನಿಗೂ ನಿದ್ದೆಯೇ. ಕಾಲಮಿತಿಯನ್ನು ನಾನು ವಿರೋಧಿಸುವುದಿಲ್ಲ. ವಯಸ್ಸಾದ ನನಗೂ ಅದೇ ಬೇಕು. ನಮ್ಮ ನಿದ್ದೆಯ ಬೆಲೆಯನ್ನು ಅವರ ನಿದ್ದೆಯಿಂದ ಕತ್ತರಿಸಿಕೊಳ್ಳುತ್ತಿದ್ದೇವೆಂಬುದು ತಿಳಿದಿರಲಿ ಎನ್ನುತ್ತೇನೆ ಅಷ್ಟೆ.

ಆದ್ದರಿಂದ ರಸ್ತೆಯಲ್ಲಿ ಮಡಿದ ಕಲಾವಿದನ ಕಲ್ಲು ರಸ್ತೆಯ ಪಕ್ಕದಲ್ಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಹೂಮಾಲೆಯ ಭಾವಚಿತ್ರ ಬೇಡ. ಹೆಸರು, ವಯಸ್ಸು, ಎಲ್ಲಿಂದ ಎಲ್ಲಿಗೆ ಹೊರಟಿದ್ದರು, ಎಷ್ಟು ಹೊತ್ತಿನಲ್ಲಿ, ಇಷ್ಟಿದ್ದರೆ ಸಾಕು. ಮರುರಾತ್ರಿ ಅದೇ ದಾರಿಯಲ್ಲಿ ಹೋಗುವ ಚೆಂಡೆಯವನೊಬ್ಬ ಅದನ್ನು ಓದಿ ವೇಗ ತಗ್ಗಿಸಿಯಾನು.

ಕಲ್ಲಿಗೆ ಅನುಮತಿ, ಜಾಗ, ಹಣ ಎಲ್ಲವೂ ಬೇಕು, ತಡವಾದೀತು. ಮಲಗುವ ಜಾಗಕ್ಕೆ ಅಷ್ಟೆಲ್ಲ ಬೇಡ. ನಿಮ್ಮಲ್ಲಿ ಹಲವರು ಈಗ ಊರೂರುಗಳಲ್ಲಿ ಆಟ ಆಡಿಸುವ ಸಂಘಟಕರಾಗಿದ್ದೀರಿ, ಪ್ರತಿವರ್ಷ ಪ್ರೀತಿಯಿಂದ ಕರಪತ್ರ ಕಳುಹಿಸುತ್ತೀರಿ. ಶಾಲೆಯ ಒಂದು ಕೋಣೆ, ಹತ್ತು ಚಾಪೆ, ಕುಡಿಯುವ ನೀರು, ಬೆಳಿಗ್ಗೆ ಒಂದು ಲೋಟ ಕಾಫಿ. ಸನ್ಮಾನದ ಶಾಲುಗಳ ಖರ್ಚಿನಲ್ಲೇ ಇದಾಗುತ್ತದೆ. ಮುಂದಿನ ಸಲ ಕರಪತ್ರ ಕಳುಹಿಸುವಾಗ, ಮೇಳದವರು ಆ ರಾತ್ರಿ ಎಲ್ಲಿ ಮಲಗುತ್ತಾರೆಂಬುದನ್ನೂ ಒಂದು ಸಾಲು ಬರೆದು ತಿಳಿಸಿರಿ.