ಮಣ್ಣಿನ ಸಹಜಗುಣ, ಗಣಿಯ ಹೊಣೆ

ಯಾದಗಿರಿ ಜಿಲ್ಲೆಯ ಗೋಗಿ ಎಂದೊಡನೆ ಆದಿಲಶಾಹಿ ಅರಸರ ಗೋರಿಗಳು ನೆನಪಾಗುತ್ತಿದ್ದ ಕಾಲವೊಂದಿತ್ತು. ಈಗ ಆ ಹೆಸರಿಗೆ ಯುರೇನಿಯಂ ಅಂಟಿಕೊಂಡಿದೆ. ನಿಕ್ಷೇಪ ಪತ್ತೆಯಾಗಿ, ಪರಿಶೋಧನೆಗೆಂದು ನೆಲವನ್ನು ಅಗೆದದ್ದೂ ಆಗಿದೆ. ಊರವರು ವಿರೋಧಿಸಿದ್ದೂ ಆಗಿದೆ. ಆ ಅದಿರಿನ ಹಣೆಬರಹ ಬರೆಯುವ ಅಣುಶಕ್ತಿ ಇಲಾಖೆಯ ಕೇಂದ್ರ ಕಚೇರಿ ಇರುವುದು ನಾವು ಬದುಕು ಕಟ್ಟಿಕೊಂಡಿರುವ ಈ ಮುಂಬಯಿಯಲ್ಲೇ. ಆದ್ದರಿಂದ ಹೊರನಾಡ ಕನ್ನಡಿಗರು ಇದನ್ನು ದೂರದ ಸುದ್ದಿಯೆಂದು ಬದಿಗಿಡುವಂತಿಲ್ಲ.

ಮಣ್ಣಿನಲ್ಲಿ ವಿಕಿರಣಶೀಲತೆ ಇರುವುದು ಸಹಜ. ನೆಲ, ಗಾಳಿ, ಅನ್ನ, ಆಕಾಶಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಕೇರಳದ ಕರುನಾಗಪ್ಪಳ್ಳಿಯ ಮೊನಜೈಟ್ ಮರಳಿನ ಕರಾವಳಿಯಲ್ಲಿ ಅದು ಹಲವು ಪಟ್ಟು ಹೆಚ್ಚು. ಆದರೂ ಆ ಕಾರಣದಿಂದ ಅಲ್ಲಿ ಕ್ಯಾನ್ಸರ್ ಹೆಚ್ಚಿರುವುದು 2009ರಲ್ಲಿ ಪ್ರಕಟವಾದ ದೀರ್ಘ ಅಧ್ಯಯನದಲ್ಲಿ ಕಂಡುಬರಲಿಲ್ಲ. ಇದನ್ನು ಮರೆತು ಭಯ ಬಿತ್ತುವುದು ಸಲ್ಲದು.

ಗಣಿಯ ಕಥೆ ಬೇರೆ. ಜಾರ್ಖಂಡದ ಜಾದುಗುಡದ ಒಂದು ಟನ್ ಅದಿರಿನಲ್ಲಿ ಒಂದು ಕಿಲೋ ಯುರೇನಿಯಂ ಕೂಡ ಇಲ್ಲ. ಅದನ್ನು ತೆಗೆದ ಮೇಲೂ ಅದಿರಿನ ವಿಕಿರಣಶೀಲತೆಯ ಸುಮಾರು ಶೇ. 85 ಭಾಗ ನುಣ್ಣಗೆ ಅರೆದ ತ್ಯಾಜ್ಯದಲ್ಲೇ ಉಳಿಯುತ್ತದೆ. ಅದರೊಳಗಿನ ರೇಡಿಯಂ ಅರ್ಧಕ್ಕಿಳಿಯಲು 1600 ವರ್ಷ ಬೇಕು. ಅದರಿಂದ ಹುಟ್ಟುವ ರೇಡಾನ್ ಅನಿಲ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ನೀರಿಗಿಳಿದ ಯುರೇನಿಯಂ ಮೂತ್ರಪಿಂಡವನ್ನು ಕೆಡಿಸಬಲ್ಲದು. ಭೂಗರ್ಭದಲ್ಲಿ ಬಂಧಿಯಾಗಿದ್ದುದನ್ನು ನಾವೇ ಗಾಳಿಗೂ ಮಳೆಗೂ ಒಡ್ಡಿದ ಮೇಲೆ ಅದನ್ನು ಸಹಜವೆನ್ನಲಾದೀತೆ?

ಜಾದುಗುಡದ ಸುತ್ತ ವಿಕಲಾಂಗ ಶಿಶುಗಳ ಜನನ ಹೆಚ್ಚೆಂದು 2007ರಲ್ಲಿ ವೈದ್ಯರ ಸಂಘಟನೆಯೊಂದು ಸಮೀಕ್ಷೆ ನಡೆಸಿ ಹೇಳಿತು. ಗಣಿ ನಡೆಸುವ ನಿಗಮ ಇದನ್ನು ಒಪ್ಪಲಿಲ್ಲ. ಗಣಿಗೆ ಮುಂಚಿನ ಮಣ್ಣಿನ, ನೀರಿನ, ಆರೋಗ್ಯದ ದಾಖಲೆ ಎದುರಿಗಿಲ್ಲದಿದ್ದರೆ ಇಂಥ ವಾದಕ್ಕೆ ಕೊನೆಯೆಂಬುದಿಲ್ಲ. ಆಗ 'ಇದು ಈ ನೆಲದ ಗುಣ' ಎಂಬ ಮಾತು ಬಲ್ಲವರ ನೆಪವಾಗುತ್ತದೆ. ಬಡವರ ಅನುಭವ ಬರಿಯ ದೂರಾಗುತ್ತದೆ.

ಅಣುವಿದ್ಯುತ್ತನ್ನು ಸಾರಾಸಗಟಾಗಿ ತಿರಸ್ಕರಿಸುವವನು ನಾನಲ್ಲ. ನಾನು ಕೇಳುವುದಿಷ್ಟೆ: ಗೋಗಿಯಲ್ಲಿ ಇನ್ನೊಂದು ಹೆಜ್ಜೆ ಇಡುವ ಮೊದಲು ಹೊಲದ ಮಣ್ಣು, ಬಾವಿಯ ನೀರು, ಜನರ ಆರೋಗ್ಯ ಮೂರನ್ನೂ ಗಣಿಯ ಲಾಭಕ್ಕೆ ಸಂಬಂಧವಿಲ್ಲದ ತಜ್ಞರು ಅಳೆಯಲಿ. ಆ ಅಂಕಿಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ ಗ್ರಾಮಸಭೆಯ ಮುಂದಿಡಲಿ. ತನ್ನ ಹೊಲದ ಲೆಕ್ಕ ತನ್ನ ನುಡಿಯಲ್ಲಿ ರೈತನಿಗೆ ದೊರೆಯದಿದ್ದರೆ, ನಾವಿಲ್ಲಿ ವರ್ಷವರ್ಷವೂ ಆಚರಿಸುವ ರಾಜ್ಯೋತ್ಸವಕ್ಕೆ ಅರ್ಥವಾದರೂ ಏನು?