ತೊಳೆಯುವ ಕೈಗೂ ಗ್ಲೌಸ್ ಬೇಕು

ಪ್ರಾಕ್ಟಿಕಲ್ ಮುಗಿದು ಗಂಟೆ ಹೊಡೆದ ಕೂಡಲೇ ನಾವು ಏಪ್ರನ್ ಬಿಚ್ಚಿ ಹೊರಗೆ ಓಡುತ್ತೇವೆ. ಸಿಂಕಿನಲ್ಲಿ ಬಿಟ್ಟು ಬಂದ ಟೆಸ್ಟ್ ಟ್ಯೂಬುಗಳನ್ನು ಯಾರು ತೊಳೆಯುತ್ತಾರೆ ಎಂದು ನಾನೂ ಯೋಚಿಸಿರಲಿಲ್ಲ. ಹೋದ ತಿಂಗಳು ಮರೆತ ರೆಕಾರ್ಡ್ ಬುಕ್ ತರಲು ರಸಾಯನಶಾಸ್ತ್ರ ಲ್ಯಾಬಿಗೆ ವಾಪಸ್ ಹೋದೆ. ಅಟೆಂಡರ್ ಚಾಚಾ ಬರಿಗೈಯಲ್ಲಿ ತೊಳೆಯುತ್ತಿದ್ದರು. ಬೆರಳಿನ ಚರ್ಮ ಹಳದಿಯಾಗಿ ಸುಲಿದಿತ್ತು. ಕೇಳಿದ್ದಕ್ಕೆ, “ನೈಟ್ರಿಕ್ ಆಸಿಡ್ ಬೇಟಾ, ರೂಢಿ ಆಗ್ಯಾದ” ಅಂದರು.

ಚರ್ಮಕ್ಕೆ ಆಸಿಡ್ ರೂಢಿಯಾಗುವುದಿಲ್ಲ. ನಾವು ವಾರಕ್ಕೆ ಒಂದು ದಿನ ಕೆಲವು ಹನಿ ಬಳಸುತ್ತೇವೆ. ಚಾಚಾ ದಿನವೂ ದೊಡ್ಡ ಬಾಟಲಿಯಿಂದ ಸಣ್ಣ ಬಾಟಲಿಗೆ ಸುರಿಯುತ್ತಾರೆ, ನೀರಿಗೆ ಬೆರೆಸುತ್ತಾರೆ, ನಾವು ಚೆಲ್ಲಿದ್ದನ್ನು ಒರೆಸುತ್ತಾರೆ. ನಮ್ಮ ಲ್ಯಾಬಿನ ಪೊಟ್ಯಾಸಿಯಂ ಡೈಕ್ರೋಮೇಟ್ ಕ್ಯಾನ್ಸರ್ ತರಬಲ್ಲದು; ಸೀಸದ ಲವಣಗಳು ವಿಷ. ಸಾಲ್ಟ್ ಅನಾಲಿಸಿಸ್‌ನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ವಾಸನೆ ಇಲ್ಲವೆಂದು ಅಪಾಯವಿಲ್ಲ ಅನ್ನುವಂತಿಲ್ಲ.

ದೊಡ್ಡ ಸಂಸ್ಥೆಗಳಲ್ಲೂ ಅವಘಡ ತಪ್ಪಿಲ್ಲ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಸ್ಫೋಟವಾಗಿ ಒಬ್ಬ ಸಂಶೋಧಕರು ಜೀವ ಕಳೆದುಕೊಂಡರು, ಮೂವರು ಗಾಯಗೊಂಡರು. ಹಾಗಿರುವಾಗ ನಮ್ಮಂಥ ಸಣ್ಣ ಲ್ಯಾಬ್ ಇನ್ನಷ್ಟು ಎಚ್ಚರದಿಂದಿರಬೇಕು.

ಹಣವಿಲ್ಲ ಎಂಬ ಮಾತು ಬರಬಹುದು. ಹೊಗೆ ಹೊರಹಾಕುವ ಫ್ಯೂಮ್ ಕಬೋರ್ಡಿಗೆ ಖರ್ಚು ಹೆಚ್ಚು, ಒಪ್ಪುತ್ತೇನೆ. ಆದರೆ ಆಸಿಡ್ ತಡೆಯುವ ರಬ್ಬರ್ ಗ್ಲೌಸ್, ಕಣ್ಣಿಗೆ ಗಾಗಲ್ಸ್, ಬಾಯಿಂದ ಎಳೆಯುವ ಬದಲು ಪಿಪೆಟ್‌ಗೆ ರಬ್ಬರ್ ಬಲ್ಬ್, ಇವು ದುಬಾರಿಯಲ್ಲ. ಆಸಿಡ್ ಬಿದ್ದರೆ ಮೊದಲ ಔಷಧ ನೀರು. ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನಮ್ಮ ಟ್ಯಾಂಕ್ ಖಾಲಿ. ಆದ್ದರಿಂದ ಲ್ಯಾಬಿಗೆಂದೇ ನಲ್ಲಿ ಇರುವ ಒಂದು ಡ್ರಮ್ ತುಂಬಿಡಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಉಳಿದ ರಾಸಾಯನಿಕವನ್ನು ಸಿಂಕಿಗೆ ಸುರಿಯದೆ ಸರ್ ಹೇಳಿದ ಜಾಡಿಗೆ ಹಾಕೋಣ. ಏನಾದರೂ ಚೆಲ್ಲಿದರೆ ಮುಚ್ಚಿಡದೆ ಏನು ಚೆಲ್ಲಿತೆಂದು ಹೇಳೋಣ. ಲೇಬಲ್ ಇಲ್ಲದ ಬಾಟಲಿ ಇಡುವುದು ಬೇಡ.

ಬೆವರು ಆರುವ ಮುನ್ನ ಕೆಲಸಗಾರನ ಕೂಲಿ ಕೊಡಬೇಕೆಂದು ಪ್ರವಾದಿಯವರು (ಸ) ಕಲಿಸಿದ್ದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಕೂಲಿಯಷ್ಟೇ ಅಲ್ಲ, ಅವನ ಕೈ ಸುಡದಂತೆ ನೋಡಿಕೊಳ್ಳುವುದೂ ಕೆಲಸ ಮಾಡಿಸಿಕೊಳ್ಳುವವರ ಹೊಣೆ ಎಂದು ನಾನು ತಿಳಿದಿದ್ದೇನೆ.

ನಾಳೆ ನಮ್ಮಲ್ಲಿ ಕೆಲವರು ಕಡೇಚೂರಿನ ಔಷಧ, ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿಯಬಹುದು. ಅಲ್ಲಿ ನಮ್ಮ ಸುರಕ್ಷೆಯನ್ನು ನಾವೇ ಕೇಳಿ ಪಡೆಯಬೇಕಾದರೆ, ಇಲ್ಲಿ ಚಾಚಾನ ಪರವಾಗಿ ಕೇಳಲು ಕಲಿಯಬೇಕು. ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಯಲ್ಲಿ ನನ್ನ ಮನವಿ ಇಷ್ಟೇ: ಮುಂದಿನ ಪ್ರಾಕ್ಟಿಕಲ್ ಶುರುವಾಗುವ ಮುನ್ನ ಮೊದಲ ಜೊತೆ ಗ್ಲೌಸ್ ಚಾಚಾನ ಕೈಗೆ ಸಿಗಲಿ.