ಎರಡನೆಯವನಿಗೆ ಬಿದ್ದ ಚಪ್ಪಾಳೆ

ಜುಲೈ ತಿಂಗಳ ಬಿಸಿಲು. ಫ್ರಾನ್ಸ್ ದೇಶದ ಬೆಟ್ಟದ ರಸ್ತೆಯೊಂದರ ಅಂಚಿನಲ್ಲಿ ಬೆಳಗಿನಿಂದಲೇ ಜನ ನೆರೆದಿದ್ದಾರೆ. ಮಡಿಸುವ ಕುರ್ಚಿಗಳು, ತಿಂಡಿಯ ಬುಟ್ಟಿಗಳು, ಬಣ್ಣಬಣ್ಣದ ಕೊಡೆಗಳು; ತಾತನ ತೊಡೆಯ ಮೇಲೆ ತೂಕಡಿಸುತ್ತಿರುವ ಮೊಮ್ಮಗು. ಒಳ್ಳೆಯ ಜಾಗ ಕೈತಪ್ಪಬಾರದೆಂದು ಕೆಲವರು ಹಿಂದಿನ ರಾತ್ರಿಯೇ ಬಂದು ವಾಹನದಲ್ಲಿ ಮಲಗಿದ್ದಾರೆ. ಮಧ್ಯಾಹ್ನ ಕಳೆದ ಮೇಲೆ ಜಾಹೀರಾತಿನ ಅಲಂಕೃತ ಬಂಡಿಗಳ ಮೆರವಣಿಗೆಯೊಂದು ಟೋಪಿಗಳನ್ನೂ ಮಿಠಾಯಿಗಳನ್ನೂ ಎರಚುತ್ತ ಸಾಗುತ್ತದೆ. ಮತ್ತೆ ಕಾಯುವುದು. ಕೊನೆಗೊಮ್ಮೆ ಕೆಳಗಿನ ತಿರುವಿನಿಂದ ಕೂಗು ಏಳುತ್ತದೆ. ಬಂದರು, ಬಂದರು! ಬೈಸಿಕಲ್ ಸವಾರರು ಕಣ್ಣಮುಂದೆ ಹಾದುಹೋಗುತ್ತಾರೆ. ಸಮತಟ್ಟಾದ ರಸ್ತೆಯಾದರೆ ಇಡೀ ಗುಂಪು ಮರೆಯಾಗಲು ಅರ್ಧ ನಿಮಿಷವೂ ಬೇಕಿಲ್ಲ. ಬೆಟ್ಟದ ಏರಾದರೆ ಸ್ವಲ್ಪ ಹೊತ್ತು ಹೆಚ್ಚು. ಅಷ್ಟೆ. ಕುರ್ಚಿಗಳು ಮಡಿಸಲ್ಪಡುತ್ತವೆ, ಜನ ಮನೆಗೆ ಮರಳುತ್ತಾರೆ.

ಇಷ್ಟು ನೋಡಲು ಅಷ್ಟು ಕಾಯಬೇಕೆ ಎಂದು ಹೊರಗಿನವನು ಕೇಳಬಹುದು. ತೇರಿನ ಹಗ್ಗ ಮುಟ್ಟಲು ದಿನವಿಡೀ ನಿಂತವರನ್ನು ಕಂಡವರು ಆ ಪ್ರಶ್ನೆಯನ್ನು ಕೇಳುವುದಿಲ್ಲ. ಆದರೂ ‘ಟೂರ್ ಡಿ ಫ್ರಾನ್ಸ್’ ಎಂಬ ಈ ಪಂದ್ಯದ ಅಭಿಮಾನಿ ನಿಜವಾಗಿ ಏನನ್ನು ನೋಡಲು ಬರುತ್ತಾನೆಂಬುದು ವಿಚಾರ ಮಾಡತಕ್ಕ ಸಂಗತಿ. ಗೆಲ್ಲುವವನನ್ನು ನೋಡಲೆಂದು ಹೇಳಿದರೆ ಉತ್ತರ ಪೂರ್ಣವಾಗದು.

ಈ ಪಂದ್ಯ ಹುಟ್ಟಿದ್ದೇ ಪತ್ರಿಕೆಯೊಂದರ ಮಾರಾಟಕ್ಕಾಗಿ. ‘ಲೋತೊ’ ಎಂಬ ಫ್ರೆಂಚ್ ಕ್ರೀಡಾಪತ್ರಿಕೆ ತನ್ನ ಪ್ರತಿಸ್ಪರ್ಧಿಯನ್ನು ಹಿಂದೆ ಹಾಕುವ ಉಪಾಯವನ್ನು ಹುಡುಕುತ್ತಿತ್ತು. ಅದರ ಸಂಪಾದಕ ಆನ್ರಿ ದೆಗ್ರಾಂಜ್ ಎಂಬವನು ತನ್ನ ಕಚೇರಿಯ ತರುಣನೊಬ್ಬನ ಸಲಹೆಯನ್ನು ಒಪ್ಪಿ, 1903ರಲ್ಲಿ ದೇಶವನ್ನೇ ಬಳಸಿ ಬರುವ ಬೈಸಿಕಲ್ ಪಂದ್ಯವನ್ನು ಹೂಡಿದನು. ಆರು ಮಜಲು, 2,428 ಕಿಲೊಮೀಟರ್. ಹೊರಟವರು 60 ಮಂದಿ, ಕೊನೆ ಮುಟ್ಟಿದವರು 21 ಮಂದಿ. ಪತ್ರಿಕೆಯ ಮಾರಾಟ ಎರಡು ಪಟ್ಟಿಗೂ ಮಿಗಿಲಾಯಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದಾದ ಮೇಲೊಂದು ಮಜಲು, ಮಜಲಿಗೊಂದು ತಿರುವು, ‘ಮುಂದೇನು?’ ಎಂಬ ಕುತೂಹಲದಲ್ಲಿ ನಿಲ್ಲುವ ಕಥೆ. ಧಾರಾವಾಹಿಯ ಮುಂದಿನ ಕಂತಿಗೆ ಕಾಯುವವರಿಗೆ ಈ ಸೆಳೆತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ಪಂದ್ಯ ಮೂರು ವಾರಗಳ ಕಾಲ ನಡೆಯುತ್ತದೆ; 21 ಮಜಲುಗಳು, ಸುಮಾರು 3,400 ಕಿಲೊಮೀಟರುಗಳ ದಾರಿ. ಪ್ರತಿದಿನವೂ ಒಬ್ಬ ಗೆಲ್ಲುತ್ತಾನೆ. ಆದರೆ ಎಲ್ಲ ದಿನಗಳ ಕಾಲವನ್ನು ಕೂಡಿಸಿದಾಗ ಯಾರ ಮೊತ್ತ ಅತಿ ಕಡಿಮೆಯೋ ಅವನೇ ಮುಂದಾಳು. ಅವನು ಹಳದಿ ಅಂಗಿಯನ್ನು ತೊಡುತ್ತಾನೆ. ಲೋತೊ ಪತ್ರಿಕೆಯ ಕಾಗದದ ಬಣ್ಣ ಹಳದಿ. ಅಂಗಿಗೂ ಅದೇ ಬಣ್ಣ. ಹೀಗಾಗಿ ಅಭಿಮಾನಿಗೆ ಕಣ್ಣಿನಷ್ಟೇ ಲೆಕ್ಕದ ಬುದ್ಧಿಯೂ ಬೇಕು. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋಗುವವನಿಗೆ ಗಾಳಿಯ ತಡೆ ಬಹಳ ಕಡಿಮೆ. ಅವನ ಕಸುವು ಉಳಿಯುತ್ತದೆ. ಆದ್ದರಿಂದಲೇ ಒಬ್ಬೊಬ್ಬ ನಾಯಕನ ಹಿಂದೆಯೂ ಒಂದೊಂದು ತಂಡವಿದೆ. ಗಾಳಿಗೆ ಎದೆಕೊಟ್ಟು ನಾಯಕನನ್ನು ಮರೆಮಾಡುವವರು, ಹಿಂದಿನ ಕಾರಿನಿಂದ ನೀರಿನ ಸೀಸೆ ತಂದುಕೊಡುವವರು, ಅವನ ಚಕ್ರ ಕೆಟ್ಟರೆ ತಮ್ಮ ಚಕ್ರವನ್ನೇ ಕಳಚಿಕೊಡುವವರು ಅದರಲ್ಲಿದ್ದಾರೆ. ಗೆದ್ದವನ ಹೆಸರು ಒಂದಾದರೂ ಗೆಲ್ಲಿಸಿದ ಕಾಲುಗಳು ಹಲವು. ಇದನ್ನು ಬಲ್ಲ ಅಭಿಮಾನಿ, ಕಟ್ಟಕಡೆಗೆ ಏದುತ್ತ ಬರುವವನಿಗೂ ಮೊದಲಿಗನಿಗೆ ತಟ್ಟಿದಷ್ಟೇ ಚಪ್ಪಾಳೆ ತಟ್ಟುತ್ತಾನೆ.

ಸೋತವನ ಮೇಲಿನ ಈ ಮಮತೆ ಬಹಳ ಹಳೆಯದು. 1913ರಲ್ಲಿ ಯೂಜೀನ್ ಕ್ರಿಸ್ತೋಫ್ ಎಂಬ ಸವಾರನು ಪಿರಿನೀಸ್ ಪರ್ವತದ ತೂರ್ಮಲೆ ಕಣಿವೆದಾರಿಯನ್ನು ಇಳಿಯುತ್ತಿದ್ದಾಗ, ಅವನ ಬೈಸಿಕಲ್ಲಿನ ಮುಂಚಕ್ರವನ್ನು ಹಿಡಿದಿರುವ ಕಬ್ಬಿಣದ ಕವಲು ಮುರಿಯಿತು. ಹೊರಗಿನವರ ನೆರವು ಪಡೆಯಕೂಡದೆಂಬುದು ಆಗಿನ ಕಟ್ಟುನಿಟ್ಟಿನ ನಿಯಮ. ಬೈಸಿಕಲ್ಲನ್ನು ಹೆಗಲಿಗೇರಿಸಿ ಹತ್ತು ಕಿಲೊಮೀಟರಿಗೂ ಹೆಚ್ಚು ದೂರ ನಡೆದು, ಸೇಂತ್ ಮರಿ ದ ಕಾಂಪಾನ್ ಎಂಬ ಹಳ್ಳಿಯ ಕುಲುಮೆಯಲ್ಲಿ ತಾನೇ ಸುತ್ತಿಗೆ ಹಿಡಿದು ಆ ಕವಲನ್ನು ಬೆಸೆದನು. ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ತಿದಿಯನ್ನು ಒತ್ತಿಕೊಟ್ಟವನು ಒಬ್ಬ ಹುಡುಗ. ಅದೂ ಹೊರಗಿನ ನೆರವೇ ಎಂದು ಕ್ರಿಸ್ತೋಫನಿಗೆ ದಂಡನೆಯ ಕಾಲವನ್ನು ಸೇರಿಸಲಾಯಿತು!

1919ರಲ್ಲಿ ಹಳದಿ ಅಂಗಿ ಮೊದಲ ಬಾರಿಗೆ ಬಂದಾಗ ಅದನ್ನು ತೊಟ್ಟವನೂ ಇದೇ ಕ್ರಿಸ್ತೋಫನೇ. ಗೆಲುವು ಕೈಗೆಟುಕುವಷ್ಟು ಹತ್ತಿರವಿದ್ದಾಗ ಮತ್ತೆ ಅದೇ ಕವಲು ಮುರಿಯಿತು. ಅಂಗಿ ಮತ್ತೊಬ್ಬನ ಮೈಗೆ ಹೋಯಿತು. ಆಗ ಪತ್ರಿಕೆಯ ಓದುಗರು ಚಂದಾ ಕೂಡಿಸಿ ಅವನಿಗೆ ಹಣ ಕೊಟ್ಟರು. ನ್ಯಾಯದ ತಕ್ಕಡಿ ಎಲ್ಲಿ ವಾಲಿತ್ತೋ ಅಲ್ಲಿಗೆ ಸಾಮಾನ್ಯ ಜನ ತಮ್ಮ ಕಾಸನ್ನು ಇಟ್ಟು ಸರಿದೂಗಿಸಲು ನೋಡಿದರು. ಕ್ರಿಸ್ತೋಫನು ಈ ಪಂದ್ಯವನ್ನು ಎಂದೂ ಗೆಲ್ಲಲಿಲ್ಲ. ಆದರೂ ಆ ಕುಲುಮೆಯ ಕಥೆಯನ್ನು ಇಂದಿಗೂ ಅಲ್ಲಿಯ ಜನ ಹೇಳುತ್ತಾರೆ.

ಈ ಮಮತೆ ಒಂದು ದೇಶವನ್ನೇ ಎರಡು ಪಕ್ಷವಾಗಿ ಸೀಳಿದ್ದು 1964ರಲ್ಲಿ. ಒಂದು ಕಡೆ ಜಾಕ್ ಆಂಕ್ತೀಲ್. ಆ ಹೊತ್ತಿಗಾಗಲೇ ನಾಲ್ಕು ಬಾರಿ ಗೆದ್ದವನು. ಗಡಿಯಾರದೊಡನೆ ಏಕಾಂಗಿಯಾಗಿ ಸೆಣಸುವುದರಲ್ಲಿ ಅವನಿಗೆ ಸಮಾನರಿರಲಿಲ್ಲ. ಬೇಕಾದಷ್ಟೇ ಕಾಲವನ್ನು ಗಳಿಸಿ, ಬೇಡದ ಕಡೆ ಕಸುವನ್ನು ವ್ಯಯಿಸದ ಲೆಕ್ಕಾಚಾರದ ಮನುಷ್ಯ. ಇನ್ನೊಂದು ಕಡೆ ರೇಮೋ ಪೂಲಿದೋರ್. ಕ್ರೋಜ್ ಸೀಮೆಯ ಬಡ ಗೇಣಿದಾರರ ಮಗ. ಹೊಲದಲ್ಲಿ ದುಡಿದ ಮೈ, ಮಾತು ಕಡಿಮೆ, ನಗೆ ಮಾತ್ರ ಧಾರಾಳ. ಜನ ಅವನನ್ನು ಮುದ್ದಿನಿಂದ ‘ಪೂಪೂ’ ಎಂದು ಕರೆದರು. ಒಂದೇ ಮನೆಯಲ್ಲಿ ಊಟದ ಮೇಜಿನ ಈಚೆಗೆ ಆಂಕ್ತೀಲನ ಪಕ್ಷ, ಆಚೆಗೆ ಪೂಲಿದೋರನ ಪಕ್ಷ.

ಆ ವರ್ಷ ದುರದೃಷ್ಟ ಪೂಲಿದೋರನ ಬೆನ್ನು ಬಿಡಲಿಲ್ಲ. ಮೊನಾಕೊದಲ್ಲಿ ಕ್ರೀಡಾಂಗಣದ ಓಟದ ಹಾದಿಯಲ್ಲಿ ಮಜಲು ಮುಗಿಯಬೇಕಾಗಿತ್ತು. ಇನ್ನೂ ಒಂದು ಸುತ್ತು ಬಾಕಿಯಿದೆಯೆಂಬುದನ್ನು ಮರೆತು ಅವನು ಮೊದಲೇ ರಭಸದಿಂದ ನುಗ್ಗಿ, ಗೆದ್ದೆನೆಂದುಕೊಂಡನು. ಉಳಿದ ಸುತ್ತಿನಲ್ಲಿ ಆಂಕ್ತೀಲ್ ಗೆದ್ದನು. ಗೆದ್ದವನಿಗೆಂದು ಇಟ್ಟಿದ್ದ ಒಂದು ನಿಮಿಷದ ಬಹುಮಾನ ಅವನ ಪಾಲಾಯಿತು. ಮುಂದೆ ತೂಲೂಸ್ ನಗರದ ದಾರಿಯಲ್ಲಿ ಪೂಲಿದೋರನ ಚಕ್ರದ ಕಡ್ಡಿಗಳು ಮುರಿದವು. ಬೇರೆ ಬೈಸಿಕಲ್ ಕೊಟ್ಟ ಸಹಾಯಕನು ಅವಸರದಲ್ಲಿ ಹಿಂದಿನಿಂದ ನೂಕಿದಾಗ ಸವಾರ ನೆಲಕ್ಕುರುಳಿದನು. ಹೋದ ಕಾಲ ಎರಡು ನಿಮಿಷಕ್ಕೂ ಹೆಚ್ಚು.

ಜುಲೈ 12ರಂದು ಪಂದ್ಯ ಪ್ಯುಯಿ ದ ದೋಮ್ ಎಂಬ ಹಳೆಯ ಜ್ವಾಲಾಮುಖಿ ಬೆಟ್ಟವನ್ನು ಏರಿತು. ಹಳದಿ ಅಂಗಿ ಆಂಕ್ತೀಲನ ಮೈಮೇಲಿತ್ತು; ಇಬ್ಬರ ನಡುವಣ ಅಂತರ 56 ಸೆಕೆಂಡು. ಬೆಟ್ಟದ ಎರಡು ಅಂಚಿನಲ್ಲಿಯೂ ಲಕ್ಷಾಂತರ ಜನ. ಇಬ್ಬರೂ ಒಬ್ಬರನ್ನೊಬ್ಬರು ಬಿಡದೆ, ಭುಜಕ್ಕೆ ಭುಜ ತಾಗಿಸಿ, ಮೊಣಕೈ ಒತ್ತಿಕೊಂಡು ಏರಿದರು. ಆ ಚಿತ್ರ ಬೈಸಿಕಲ್ ಪಂದ್ಯಗಳ ಅತ್ಯಂತ ಪ್ರಸಿದ್ಧ ಛಾಯಾಚಿತ್ರಗಳಲ್ಲೊಂದು. ಆಂಕ್ತೀಲನ ಶಕ್ತಿ ಸೋರಿಹೋಗಿತ್ತು, ಆದರೆ ಮುಖ ಅದನ್ನು ಹೇಳಲಿಲ್ಲ. ತುದಿಗೆ ಸುಮಾರು ಒಂದು ಕಿಲೊಮೀಟರ್ ಉಳಿದಿರುವಾಗ ಕೊನೆಗೂ ಪೂಲಿದೋರ್ ಮುಂದೆ ಸಿಡಿದನು. ತುದಿಯಲ್ಲಿ ಲೆಕ್ಕ ನೋಡಿದಾಗ 42 ಸೆಕೆಂಡು ಗಳಿಸಿದ್ದನು. ಆಂಕ್ತೀಲನಿಗೆ ಉಳಿದದ್ದು 14 ಸೆಕೆಂಡು.

ಅಷ್ಟು ಸಾಕಾಯಿತು. ಎರಡು ದಿನಗಳ ಮೇಲೆ ಪ್ಯಾರಿಸಿನಲ್ಲಿ ಆಂಕ್ತೀಲನೇ 55 ಸೆಕೆಂಡುಗಳಿಂದ ಗೆದ್ದನು. ಮೊನಾಕೊದಲ್ಲಿ ಕೈಬಿಟ್ಟ ಒಂದು ನಿಮಿಷ ಎಷ್ಟು ದುಬಾರಿಯಾಯಿತೆಂಬುದನ್ನು ಶಾಲೆಯ ಹುಡುಗನೂ ಕೂಡಿ ಕಳೆದು ಹೇಳಬಲ್ಲ. ಆದರೆ ಬೀದಿಯ ಲೆಕ್ಕವೇ ಬೇರೆಯಾಗಿತ್ತು. ಗೆದ್ದವನಿಗೆ ಗೌರವ ಸಂದಿತು. ಸೋತವನಿಗೆ ಪ್ರೀತಿ ಸಂದಿತು. ಪೂಲಿದೋರನು ಒಟ್ಟು 14 ಬಾರಿ ಈ ಪಂದ್ಯದಲ್ಲಿ ಓಡಿದನು. ಮೂರು ಬಾರಿ ಎರಡನೆಯವನು, ಐದು ಬಾರಿ ಮೂರನೆಯವನು. ಹಳದಿ ಅಂಗಿಯನ್ನು ಒಂದೇ ಒಂದು ದಿನವೂ ತೊಡಲಿಲ್ಲ. ಬೇರೆ ದೊಡ್ಡ ಪಂದ್ಯಗಳನ್ನು ಗೆದ್ದವನೇ ಅವನು. ಅದೇ 1964ರಲ್ಲಿ ಸ್ಪೇನ್ ದೇಶದ ಸುತ್ತುಪಂದ್ಯವನ್ನು ಗೆದ್ದಿದ್ದನು. ಆದರೆ ಜನ ನೆನಪಿನಲ್ಲಿಟ್ಟುಕೊಂಡದ್ದು ಆ ಗೆಲುವನ್ನಲ್ಲ. ತಮ್ಮ ಬಾಳಿನಲ್ಲಿಯೂ ಸ್ವಲ್ಪದರಲ್ಲೇ ತಪ್ಪಿಹೋದ ಎಷ್ಟೋ ಸಂಗತಿಗಳುಳ್ಳ ಗೃಹಸ್ಥರು, ಎಡವಿದ ಮರುವರ್ಷವೇ ಮತ್ತೆ ಬಂದು ನಿಲ್ಲುವ ಆ ಮನುಷ್ಯನಲ್ಲಿ ತಮ್ಮನ್ನೇ ಕಂಡಿರಬೇಕು.

ಹೀಗೆಂದು ಅಭಿಮಾನಿಗಳೆಲ್ಲ ದೇವಮಾನವರೆಂದು ತಿಳಿಯಬೇಕಾಗಿಲ್ಲ. ಈ ಪಂದ್ಯಕ್ಕೆ ಟಿಕೇಟಿಲ್ಲ, ದಾರಿಯ ಬಹುಪಾಲಿಗೆ ಬೇಲಿಯೂ ಇಲ್ಲ. ಕೈ ಚಾಚಿದರೆ ಸವಾರನ ಬೆನ್ನು ಸಿಗುವಷ್ಟು ಸಮೀಪ. ಆ ಸಾಮೀಪ್ಯ ವರವೂ ಹೌದು, ಶಾಪವೂ ಹೌದು. 1904ರಲ್ಲಿಯೇ ತಮ್ಮೂರಿನವನನ್ನು ಗೆಲ್ಲಿಸುವ ಹುಚ್ಚಿನಲ್ಲಿ ಸಾಂತ್ ಎತಿಯೆನ್ ಬಳಿ ಜನ ರಾತ್ರಿಯಲ್ಲಿ ದಾರಿಗಟ್ಟಿ ಇತರ ಸವಾರರನ್ನು ಹೊಡೆದಿದ್ದರು. 1975ರಲ್ಲಿ ಅದೇ ಪ್ಯುಯಿ ದ ದೋಮ್ ಏರಿನಲ್ಲಿ, ಐದು ಬಾರಿ ಗೆದ್ದಿದ್ದ ಬೆಲ್ಜಿಯಮ್ ದೇಶದ ಎಡ್ಡಿ ಮರ್ಕ್ಸ್‌ನ ಪಕ್ಕೆಗೆ ಪ್ರೇಕ್ಷಕನೊಬ್ಬ ಗುದ್ದಿದನು. ಮರ್ಕ್ಸ್ ಆ ವರ್ಷ ಸೋತು ಎರಡನೆಯವನಾದನು.

ಪಂದ್ಯದ ಕಡೆಯಿಂದಲೂ ಅಭಿಮಾನಿಗೆ ಮೋಸವಾಗದೆ ಇಲ್ಲ. 1999ರಿಂದ 2005ರವರೆಗೆ ಸತತ ಏಳು ಬಾರಿ ಗೆದ್ದನೆಂದು ಜಗತ್ತು ಕೊಂಡಾಡಿದ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ಗೆಲುವುಗಳನ್ನು, ನಿಷಿದ್ಧ ಮದ್ದಿನ ಸೇವನೆಗಾಗಿ, 2012ರಲ್ಲಿ ಒಮ್ಮೆಗೇ ಅಳಿಸಿಹಾಕಲಾಯಿತು. ಆ ಏಳು ವರ್ಷಗಳ ಎದುರಿಗೆ ಬೇರೆ ಯಾರ ಹೆಸರನ್ನೂ ಬರೆಯಲಿಲ್ಲ. ಗೆದ್ದವನನ್ನಷ್ಟೇ ನಂಬಿದ್ದವನ ಕೈಯಲ್ಲಿ ಉಳಿದದ್ದು ಖಾಲಿ ಪಟ್ಟಿ. ಆದರೂ ಮರುವರ್ಷದ ಜುಲೈಯಲ್ಲಿ ಕುರ್ಚಿಗಳು ಮತ್ತೆ ದಾರಿಬದಿಗೆ ಬಂದವು.

2021ರ ಜೂನ್ ತಿಂಗಳ ಕೊನೆಯಲ್ಲಿ ಬ್ರಿಟನಿ ಸೀಮೆಯಲ್ಲಿ ಒಂದರ ಹಿಂದೊಂದು ಬಂದ ಎರಡು ದಿನಗಳು ಅಭಿಮಾನದ ಎರಡು ಮುಖಗಳನ್ನೂ ತೋರಿಸಿದವು. 26ರಂದು ಹೆಂಗಸೊಬ್ಬಳು ತನ್ನ ಅಜ್ಜ ಅಜ್ಜಿಯರಿಗೆ ಜಯಕಾರ ಬರೆದ ಹಲಗೆಯನ್ನು ದೂರದರ್ಶನದ ಕ್ಯಾಮರಾಕ್ಕೆ ಕಾಣುವಂತೆ ರಸ್ತೆಗೆ ಚಾಚಿ ನಿಂತಳು. ಬೆನ್ನ ಹಿಂದೆ ಸವಾರರ ಗುಂಪು ಬರುತ್ತಿತ್ತು. ಅವಳ ದೃಷ್ಟಿ ಕ್ಯಾಮರಾದ ಕಡೆಗಿತ್ತು. ಹಲಗೆ ತಾಗಿ ಒಬ್ಬ ಬಿದ್ದನು. ಅವನ ಮೇಲೆ ಹತ್ತಾರು ಮಂದಿ ಬಿದ್ದರು. ಮುಂದೆ ನ್ಯಾಯಾಲಯ ಅವಳಿಗೆ 1,200 ಯೂರೋ ದಂಡ ವಿಧಿಸಿತು. ಕೇಡಿನ ಉದ್ದೇಶ ಅವಳಿಗಿರಲಿಲ್ಲ. ನೋಡಲು ಬಂದವಳು ತಾನೇ ಕಾಣಿಸಿಕೊಳ್ಳಬೇಕೆಂದು ಬಯಸಿದ್ದೇ ಅನರ್ಥಕ್ಕೆ ಕಾರಣವಾಯಿತು.

ಮರುದಿನ, 27ರಂದು, ಮ್ಯೂರ್ ದ ಬ್ರತಾಞ್ ಎಂಬ ಕಡಿದಾದ ಏರಿನಲ್ಲಿ ಮಜಲು ಮುಗಿಯಬೇಕಾಗಿತ್ತು. ಮಾತ್ಯೂ ವಾನ್ ಡರ್ ಪೂಲ್ ಎಂಬ ಡಚ್ ತರುಣನು ಎಲ್ಲರನ್ನೂ ಹಿಂದೆ ಹಾಕಿ, ಬೆರಳನ್ನು ಆಕಾಶದತ್ತ ಎತ್ತಿ, ಗುರಿಯ ಗೆರೆಯನ್ನು ದಾಟಿದನು. ಹಳದಿ ಅಂಗಿ ಅವನದಾಯಿತು. ಅವನು ನಗಲಿಲ್ಲ, ಅತ್ತನು. ಅವನ ತಾಯಿ ಪೂಲಿದೋರನ ಮಗಳು. 1984ರಲ್ಲಿ ಅವನ ತಂದೆಯೂ ಆ ಅಂಗಿಯನ್ನು ಒಂದು ದಿನ ತೊಟ್ಟಿದ್ದನು. ತೊಡದೆ ಉಳಿದವನು ಅಜ್ಜನೊಬ್ಬನೇ. ಅಜ್ಜ 2019ರ ನವೆಂಬರಿನಲ್ಲಿ, 83ನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದನು. ಎರಡು ವರ್ಷ ಮೊದಲೇ ಇದು ನಡೆದಿದ್ದರೆ ಎಂದು ಅಂದು ದಾರಿಬದಿಯಲ್ಲಿದ್ದ ಮುದುಕರೆಷ್ಟು ಮಂದಿ ಮನಸ್ಸಿನಲ್ಲೇ ಅಂದುಕೊಂಡರೋ! ಪೂಲಿದೋರನ ಪಾಲಿಗೆ ಅಂಗಿ ಈ ಬಾರಿಯೂ ಸ್ವಲ್ಪ ತಡವಾಗಿಯೇ ಬಂದಿತು.

2023ರ ಜುಲೈ 9ರಂದು, 35 ವರ್ಷಗಳ ಅಂತರದ ಮೇಲೆ, ಪಂದ್ಯ ಮತ್ತೆ ಪ್ಯುಯಿ ದ ದೋಮ್ ಬೆಟ್ಟಕ್ಕೆ ಮರಳಿತು. ಮಜಲು ಹೊರಟದ್ದು ಸಾಂತ್ ಲೆಯೊನಾರ್ ದ ನೋಬ್ಲಾ ಎಂಬ ಊರಿನಿಂದ. ಪೂಲಿದೋರ್ ಬಾಳಿ ಕಣ್ಣುಮುಚ್ಚಿದ ಊರು ಅದು. ಆದರೆ ಬೆಟ್ಟದ ಕೊನೆಯ ಸುಮಾರು ನಾಲ್ಕು ಕಿಲೊಮೀಟರುಗಳಲ್ಲಿ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ರಸ್ತೆ ಕಿರಿದು, ಪಕ್ಕದಲ್ಲಿ ಬೆಟ್ಟದ ರೈಲಿನ ಹಳಿ, ಜೊತೆಗೆ ಅದು ರಕ್ಷಿತ ನಿಸರ್ಗತಾಣ. ಒಂದು ಕಾಲಕ್ಕೆ ಲಕ್ಷಾಂತರ ಜನರ ಕೂಗಿನಿಂದ ತುಂಬಿದ್ದ ದಾರಿಯಲ್ಲಿ ಸವಾರರು ಮೌನದ ನಡುವೆ ಏರಿದರು. ಅಂದೂ ಒಬ್ಬ ಗೆದ್ದನು, ಅಂದೂ ಸೆಕೆಂಡುಗಳ ಲೆಕ್ಕ ನಡೆಯಿತು. ಗಡಿಯಾರಕ್ಕೆ ಜನ ಬೇಕಾಗಿಲ್ಲ.

ಗೆದ್ದವರ ಹೆಸರನ್ನು ಪಟ್ಟಿ ಕಾಪಾಡುತ್ತದೆ. ಕುಲುಮೆಯಲ್ಲಿ ಕಬ್ಬಿಣ ಬಡಿದವನನ್ನೂ, ಒಂದು ಸುತ್ತು ಮೊದಲೇ ಗೆದ್ದೆನೆಂದು ನಂಬಿದವನನ್ನೂ ಕಾಪಾಡಲು ದಾರಿಬದಿಯ ಜನವೇ ಬೇಕು. ಬುಟ್ಟಿ ಕುರ್ಚಿಗಳನ್ನು ಹೊತ್ತು ಮನೆಗೆ ಮರಳುವ ಆ ತಾತನು ಮೊಮ್ಮಗುವಿಗೆ ದಾರಿಯಲ್ಲಿ ಹೇಳುವ ಕಥೆ, ಬಹುಮಟ್ಟಿಗೆ, ಎರಡನೆಯವನದೇ ಆಗಿರುತ್ತದೆ.